ಇವೆನ್ ಮಾಂಟೆಗ್ಯು: ಸುಳ್ಳಿಗೆ ಸಾಕ್ಷ್ಯ ಕಟ್ಟಿದ ನ್ಯಾಯವಾದಿ

ಮಾಂಟೆಗ್ಯು ಎಂಬ ಹೆಸರು ನಮ್ಮಲ್ಲಿ ಇತಿಹಾಸ ಓದಿದವರಿಗೆ ಹೊಸದಲ್ಲ. 1919ರ ಮಾಂಟೆಗ್ಯು–ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಎಡ್ವಿನ್ ಮಾಂಟೆಗ್ಯು ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿಯಾಗಿದ್ದವರು. ಅವರ ಅಣ್ಣನ ಮಗನೇ ಇವೆನ್ ಮಾಂಟೆಗ್ಯು (1901–1985). ಚಿಕ್ಕಪ್ಪನ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿಯಿತು. ಅಣ್ಣನ ಮಗನ ಕಾರ್ಯ ಬಹುಕಾಲ ಗುಪ್ತವಾಗಿ ಉಳಿಯಿತು.

ಇವೆನ್ 1924ರಲ್ಲಿ ಬ್ಯಾರಿಸ್ಟರ್ ಆದರು. 1939ರಲ್ಲಿ ಕಿಂಗ್ಸ್ ಕೌನ್ಸೆಲ್ ಎಂಬ ಹಿರಿಯ ನ್ಯಾಯವಾದಿಯ ಗೌರವ ದೊರೆಯಿತು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ನೌಕಾ ಬೇಹುಗಾರಿಕೆ ವಿಭಾಗವನ್ನು ಸೇರಿದರು. ಎದುರುಪಕ್ಷದ ಸಾಕ್ಷ್ಯದಲ್ಲಿ ಬಿರುಕು ಹುಡುಕುವುದು ಅವರ ವೃತ್ತಿಯಾಗಿತ್ತು. ಶತ್ರು ಎಷ್ಟು ಹುಡುಕಿದರೂ ಬಿರುಕು ಕಾಣದಂತಹ ಸುಳ್ಳು ಸಾಕ್ಷ್ಯವನ್ನು ಕಟ್ಟುವುದು ಈಗ ಅವರ ಕರ್ತವ್ಯವಾಯಿತು.

1943ರಲ್ಲಿ ಉತ್ತರ ಆಫ್ರಿಕದ ಯುದ್ಧ ಮುಗಿಯುತ್ತ ಬಂದಿತ್ತು. ಮಿತ್ರಪಡೆಗಳ ಮುಂದಿನ ಗುರಿ ಸಿಸಿಲಿ ದ್ವೀಪವೆಂದು ಭೂಪಟ ನೋಡಿದ ಯಾರಾದರೂ ಊಹಿಸಬಹುದಿತ್ತು. ಆ ಊಹೆಯನ್ನು ತಪ್ಪಿಸಲು ವಾಯುಪಡೆಯ ಅಧಿಕಾರಿ ಚಾರ್ಲ್ಸ್ ಚಮ್ಲಿ ಒಂದು ಉಪಾಯ ಸೂಚಿಸಿದರು. ಅವರೂ ಮಾಂಟೆಗ್ಯು ಅವರೂ ಸೇರಿ ಅದನ್ನು ಕಾರ್ಯಗತಗೊಳಿಸಿದರು. ಒಂದು ಶವಕ್ಕೆ ‘ಮೇಜರ್ ವಿಲಿಯಂ ಮಾರ್ಟಿನ್’ ಎಂದು ಹೆಸರಿಟ್ಟು ಸೈನಿಕ ಸಮವಸ್ತ್ರ ತೊಡಿಸಿದರು. ಜೇಬುಗಳಲ್ಲಿ ಪ್ರೇಯಸಿಯ ಭಾವಚಿತ್ರ, ಪ್ರೇಮಪತ್ರಗಳು, ಉಂಗುರದ ಬಿಲ್ಲು, ಸಾಲದ ಬಗೆಗೆ ಬ್ಯಾಂಕಿನಿಂದ ಬಂದ ಪತ್ರ, ನಾಟಕದ ಟಿಕೆಟ್ಟಿನ ತುಂಡುಗಳನ್ನು ಇರಿಸಿದರು. ಕೈಪೆಟ್ಟಿಗೆಯಲ್ಲಿದ್ದ ಮುಖ್ಯ ಪತ್ರ ಜನರಲ್ ಅಲೆಕ್ಸಾಂಡರರಿಗೆ ಬರೆದದ್ದು. ದಾಳಿ ನಡೆಯುವುದು ಗ್ರೀಸಿನ ಮೇಲೆ ಎಂಬ ಭಾವನೆ ಅದರಿಂದ ಹುಟ್ಟುವಂತಿತ್ತು. ಏಪ್ರಿಲ್ 19ರಂದು ಸ್ಕಾಟ್ಲೆಂಡಿನ ಕರಾವಳಿಯಿಂದ ‘ಸೆರಾಫ್’ ಜಲಾಂತರ್ಗಾಮಿ ಹೊರಟಿತು. 30ರಂದು ಸ್ಪೇನಿನ ವೆಲ್ವಾ ಬಳಿ ಆ ಶವ ಬೆಸ್ತರ ಕೈಗೆ ಸಿಕ್ಕಿತು.

ಸ್ಪೇನ್ ತಟಸ್ಥ ರಾಷ್ಟ್ರವಾದರೂ ಅಲ್ಲಿ ಜರ್ಮನ್ ಬೇಹುಗಾರರ ಪ್ರಭಾವ ಬಲವಾಗಿತ್ತು. ಪತ್ರವನ್ನು ಗುಟ್ಟಾಗಿ ತೆಗೆದು, ಪ್ರತಿ ಮಾಡಿಕೊಂಡು, ಮತ್ತೆ ಬ್ರಿಟಿಷರಿಗೇ ಒಪ್ಪಿಸಲಾಯಿತು. ಹಿಟ್ಲರ್ ಅದನ್ನು ನಂಬಿದನು. ಫ್ರಾನ್ಸಿನಲ್ಲಿದ್ದ ಒಂದು ಟ್ಯಾಂಕ್ ದಳ ಗ್ರೀಸಿಗೆ ಹೋಯಿತು. ಜುಲೈ 10ರಂದು ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದವು. ಬಾಲ್ಕನ್ ಪ್ರದೇಶದ ಬಗ್ಗೆ ಹಿಟ್ಲರನಿಗೆ ಮೊದಲೇ ಭಯವಿದ್ದುದರಿಂದ, ಗೆಲುವಿನ ಶ್ರೇಯಸ್ಸೆಲ್ಲ ಈ ಒಂದು ತಂತ್ರಕ್ಕೇ ಸಲ್ಲದು. ಅವನ ಭಯಕ್ಕೆ ಅದು ಆಧಾರ ಒದಗಿಸಿತು ಎನ್ನುವುದು ಯುಕ್ತ.

ಗಡಿನಾಡಿನ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ಮುಖ್ಯ ಪತ್ರವನ್ನು ಬರೆದ ಸರ್ ಆರ್ಚಿಬಾಲ್ಡ್ ನೈ 1946ರಿಂದ 1948ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದರು. ಕಾಸರಗೋಡು, ಆದವಾನಿ, ರಾಯದುರ್ಗ, ಹೊಸೂರು, ನೀಲಗಿರಿ ಎಲ್ಲವೂ ಆಗ ಅವರ ಆಡಳಿತಕ್ಕೆ ಒಳಪಟ್ಟಿದ್ದವು. ಶವದ ಜೊತೆಗಿದ್ದ ಇನ್ನೊಂದು ಪತ್ರಕ್ಕೆ ಸಹಿ ಮಾಡಿದವರು ನಮ್ಮ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್.

ಯುದ್ಧಾನಂತರ ಮಾಂಟೆಗ್ಯು ಅವರು 1945ರಿಂದ 1973ರವರೆಗೆ ನೌಕಾಪಡೆಯ ಪ್ರಧಾನ ನ್ಯಾಯಾಧಿಕಾರಿಯಾಗಿದ್ದರು. 1953ರಲ್ಲಿ ‘ದಿ ಮ್ಯಾನ್ ಹೂ ನೆವರ್ ವಾಸ್’ ಪ್ರಕಟಿಸಿದರು. ಶವ ಯಾರದೆಂಬುದನ್ನು ಮಾತ್ರ ಕೊನೆಯವರೆಗೂ ಹೇಳಲಿಲ್ಲ.

ಆತ ಗ್ಲಿಂಡೂರ್ ಮೈಕೆಲ್, ವೇಲ್ಸಿನ ಬಡವ. ತಂದೆತಾಯಿಗಳನ್ನು ಕಳೆದುಕೊಂಡು, ಲಂಡನ್ನಿನಲ್ಲಿ ಇಲಿಪಾಷಾಣ ಸೇವಿಸಿ 34ನೆಯ ವಯಸ್ಸಿನಲ್ಲಿ ತೀರಿಹೋದವನು. ಬದುಕಿದ್ದಾಗ ಅವನಿಗೆ ಆಶ್ರಯ ನೀಡದ ದೇಶ, ಸತ್ತ ಮೇಲೆ ಅವನಿಂದ ಸೇವೆ ಪಡೆಯಿತು. ಅದಕ್ಕೆ ಒಪ್ಪುವ ಅಥವಾ ಒಲ್ಲೆನೆನ್ನುವ ಅವಕಾಶ ಅವನಿಗಿರಲಿಲ್ಲ. ಸಾವಿರಾರು ಸೈನಿಕರ ಪ್ರಾಣ ಉಳಿಸುವ ಉದ್ದೇಶದಿಂದ ಮಾಡಿದ ಕಾರ್ಯವೆಂಬುದನ್ನು ಒಪ್ಪಿಕೊಂಡರೂ ಈ ಋಣವನ್ನು ಮರೆಯಲಾಗದು. 1990ರ ದಶಕದಲ್ಲಿ ದಾಖಲೆಗಳಿಂದ ಅವನ ಗುರುತು ಹೊರಬಂದಿತು. ವೆಲ್ವಾದ ಸಮಾಧಿಯ ಕಲ್ಲಿನ ಮೇಲೆ ಮೇಜರ್ ಮಾರ್ಟಿನನ ಹೆಸರಿನ ಕೆಳಗೆ ಅವನ ನಿಜವಾದ ಹೆಸರನ್ನೂ ಕೆತ್ತಲಾಯಿತು. ಇತಿಹಾಸ ಬರೆಯುವವರು ಚತುರರ ಸಾಹಸವನ್ನು ಸ್ಮರಿಸುವಾಗ, ಅದಕ್ಕೆ ದೇಹ ಕೊಟ್ಟವನನ್ನೂ ಹೆಸರಿಟ್ಟು ಕರೆಯಬೇಕು.