ಕಡಲತೀರದಲ್ಲಿ ಅಪಾಯದ ಗ್ರಹಿಕೆ ಮತ್ತು ಈಜುಗಾರರ ಸುರಕ್ಷತೆ

ಕಡಲತೀರದಲ್ಲಿ ಅಪಾಯದ ಗ್ರಹಿಕೆ ಎಂದರೆ ಸಮುದ್ರಕ್ಕೆ ಇಳಿಯುವ ವ್ಯಕ್ತಿಯು ಅಲೆ, ಸೆಳವು, ಆಳ ಹಾಗೂ ತನ್ನ ಈಜು ಸಾಮರ್ಥ್ಯವನ್ನು ಅಂದಾಜು ಮಾಡುವ ಬಗೆ. ಈ ಅಂದಾಜಿಗೂ ವಾಸ್ತವದ ಅಪಾಯಕ್ಕೂ ಇರುವ ಅಂತರವು ಕಡಲತೀರದ ಸಾವುಗಳಿಗೆ ಒಂದು ಮುಖ್ಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತಪಟ್ಟರು. ವಿಶ್ವಸಂಸ್ಥೆಯು 2021ರಿಂದ ಜುಲೈ 25ನ್ನು ಮುಳುಗುವಿಕೆ ತಡೆ ದಿನವಾಗಿ ಆಚರಿಸುತ್ತಿದೆ.

ಒಳನಾಡಿನ ಈಜುಗಾರರು

ಕರ್ನಾಟಕದ ಕರಾವಳಿಯು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿದೆ. ಇಲ್ಲಿನ ಕಡಲತೀರಗಳಿಗೆ ಬರುವವರಲ್ಲಿ ಅನೇಕರು ಒಳನಾಡಿನ ಜಿಲ್ಲೆಗಳವರು. ಮೈಸೂರಿನ ವಿಜಯನಗರ ಬಡಾವಣೆಯ ಪಕ್ಕದ ಹುಣಸೂರು ರಸ್ತೆಯೇ ಮುಂದೆ ಮಡಿಕೇರಿ, ಸಂಪಾಜೆ, ಪುತ್ತೂರುಗಳ ಮೂಲಕ ಸುಮಾರು 250 ಕಿ.ಮೀ. ದೂರದ ಮಂಗಳೂರನ್ನು ತಲುಪುತ್ತದೆ. ವಾರಾಂತ್ಯದ ಪ್ರವಾಸಕ್ಕೆ ಅದು ದೂರವೇನಲ್ಲ. ಇಂತಹ ಬಡಾವಣೆಯಲ್ಲಿ ಬೆಳೆದವರು ಈಜು ಕಲಿಯುವುದು ಸಾಮಾನ್ಯವಾಗಿ ನಗರದ ಈಜುಕೊಳಗಳಲ್ಲಿ, ಇಲ್ಲವೇ ಕಾವೇರಿಯ ದಡದಲ್ಲಿ. ಕೊಳದ ನೀರು ನಿಂತಿರುತ್ತದೆ, ಆಳ ಗೊತ್ತಿರುತ್ತದೆ, ದಡ ಕೈಗೆಟಕುತ್ತದೆ. ಸಮುದ್ರದಲ್ಲಿ ಈ ಮೂರೂ ಇಲ್ಲ. ಉಪ್ಪುನೀರಿನ ಸಾಂದ್ರತೆ ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಹೆಚ್ಚಿರುವುದರಿಂದ ದೇಹವು ತುಸು ಸುಲಭವಾಗಿ ತೇಲುತ್ತದೆ. ಆರಂಭದ ಈ ಸುಲಭತೆ ಅತಿಯಾದ ಆತ್ಮವಿಶ್ವಾಸಕ್ಕೂ ಎಡೆಮಾಡಿಕೊಡಬಹುದು.

ಗ್ರಹಿಕೆಯ ದೋಷವು ಸಮುದ್ರಕ್ಕೆ ಮಾತ್ರ ಸೀಮಿತವಲ್ಲ. 2024ರ ನವೆಂಬರ್ 17ರಂದು ಉಳ್ಳಾಲದ ಸಮೀಪದ ಉಚ್ಚಿಲದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟದ್ದು ಸಮುದ್ರದಲ್ಲಲ್ಲ, ಕಡಲತೀರದ ಖಾಸಗಿ ರೆಸಾರ್ಟ್ ಒಂದರ ಈಜುಕೊಳದಲ್ಲಿ. ಎದುರಿಗೇ ಕಡಲು ಮೊರೆಯುತ್ತಿರುವಾಗ ಕೊಳವು ನಿರಪಾಯವೆಂದು ತೋರುವುದು ಸಹಜ. ಆದರೆ ಈಜು ಬಾರದವರಿಗೆ ತಲೆ ಮುಳುಗುವಷ್ಟು ನೀರು ಎಲ್ಲಿದ್ದರೂ ಒಂದೇ. ಅದೇ ವರ್ಷ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಬಳಿಕ ಆ ಕಡಲತೀರವನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಲಾಯಿತು.

ಸೆಳವು

ಕಡಲತೀರದ ಅಪಾಯಗಳಲ್ಲಿ ಅತ್ಯಂತ ಮೋಸದ್ದು ದಡದಿಂದ ಆಳಕ್ಕೆ ಹರಿಯುವ ಸೆಳವು. ಅಲೆಗಳು ಒಡೆದು ದಡದತ್ತ ತಂದು ಸುರಿದ ನೀರು ಹಿಂದಿರುಗಲೇಬೇಕು. ಮರಳದಿಬ್ಬಗಳ ನಡುವಿನ ಆಳವಾದ ಓಣಿಯಂತಹ ಜಾಗದಲ್ಲಿ ಅದು ಒಟ್ಟುಗೂಡಿ ಕಡಲಿನತ್ತ ಹರಿಯುತ್ತದೆ. ಸಾಮಾನ್ಯವಾಗಿ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನಲ್ಲಿರುತ್ತದೆ. ಕೆಲವೊಮ್ಮೆ 2 ಮೀಟರನ್ನೂ ಮೀರುತ್ತದೆ. ಅಷ್ಟು ವೇಗಕ್ಕೆ ಎದುರಾಗಿ ನುರಿತ ಸ್ಪರ್ಧಾಳುವೂ ಈಜಲಾರ.

ಆಳದ ಓಣಿಯಲ್ಲಿ ಅಲೆಗಳು ಒಡೆಯುವುದು ಕಡಿಮೆ. ಆದ್ದರಿಂದ ಸೆಳವಿರುವ ಜಾಗವು ಎರಡು ಬದಿಯ ಬಿಳಿನೊರೆಯ ನಡುವೆ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ನಡೆದ ಅಧ್ಯಯನಗಳಲ್ಲಿ, ಚಿತ್ರಗಳನ್ನು ತೋರಿಸಿ ಕೇಳಿದಾಗ ಬಹಳಷ್ಟು ಜನರು ಸೆಳವನ್ನು ಗುರುತಿಸಲಾಗದೆ ಈ ಶಾಂತ ಜಾಗವನ್ನೇ ಸುರಕ್ಷಿತವೆಂದು ಆರಿಸಿದರು. ಬಂಡೆಗಳ ಪಕ್ಕ ಮತ್ತು ಅಳಿವೆಗಳ ಬಳಿಯೂ ಬಲವಾದ ಹರಿವು ಇರುತ್ತದೆ. ಆಕಾಶ ತಿಳಿಯಾಗಿರುವುದೂ ಭರವಸೆಯಲ್ಲ. ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಗಳು ಎಬ್ಬಿಸಿದ ಉದ್ದಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗಬಲ್ಲವು. ಮಲಯಾಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ: ಕಳ್ಳನಂತೆ ಬರುವ ಕಡಲು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು ಇದರ ಮುನ್ಸೂಚನೆ ಹೊರಡಿಸುತ್ತದೆ.

ಸೆಳವು ವ್ಯಕ್ತಿಯನ್ನು ಕೆಳಗೆಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಮುಳುಗಿಸುವುದು ದಣಿವು ಮತ್ತು ಗಾಬರಿ. ಅದರಲ್ಲಿ ಸಿಲುಕಿದವರು ದಡದತ್ತ ನೇರವಾಗಿ ಈಜದೆ, ಅಂಗಾತ ತೇಲುತ್ತಾ ಕೈಯೆತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆಗಳು ಒಡೆಯುತ್ತಿರುವ ಕಡೆಗೆ ಈಜಿ ಅಲ್ಲಿಂದ ಓರೆಯಾಗಿ ದಡ ಸೇರಬಹುದು.

ಎಚ್ಚರಿಕೆಯ ವ್ಯವಸ್ಥೆ

ಜೀವರಕ್ಷಕರಿರುವ ಕಡಲತೀರಗಳಲ್ಲಿ ಅಂತರರಾಷ್ಟ್ರೀಯ ಪದ್ಧತಿಯಂತೆ ಕೆಂಪು-ಹಳದಿ ಬಾವುಟಗಳ ನಡುವಿನ ಪ್ರದೇಶವು ಈಜಲು ಗೊತ್ತುಪಡಿಸಿದ್ದು. ಒಂದು ಕೆಂಪು ಬಾವುಟ ತೀವ್ರ ಅಪಾಯವನ್ನೂ, ಎರಡು ಕೆಂಪು ಬಾವುಟ ನೀರಿಗಿಳಿಯುವುದರ ನಿಷೇಧವನ್ನೂ ಸೂಚಿಸುತ್ತವೆ. 2020ರ ಅಕ್ಟೋಬರಿನಲ್ಲಿ ಪಡುಬಿದ್ರಿ ಹಾಗೂ ಹೊನ್ನಾವರದ ಕಾಸರಕೋಡು ತೀರಗಳಿಗೆ ದೊರೆತ ‘ಬ್ಲೂ ಫ್ಲ್ಯಾಗ್’ ಮಾನ್ಯತೆಯ ಷರತ್ತುಗಳಲ್ಲಿ ಸುರಕ್ಷತಾ ವ್ಯವಸ್ಥೆಯೂ ಸೇರಿದೆ. ಮಳೆಗಾಲದಲ್ಲಿ ಮಲ್ಪೆಯಲ್ಲಿ ನೀರಿಗಿಳಿಯದಂತೆ ಬಲೆಯ ತಡೆ ಕಟ್ಟಲಾಗುತ್ತದೆ, ಸೇಂಟ್ ಮೇರೀಸ್ ದ್ವೀಪದ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೇ ನಿಷಿದ್ಧ. ಮೀನಿನ ಸಂತಾನೋತ್ಪತ್ತಿಗಾಗಿ ಇರುವ ನಿಯಮ ಇದಾದರೂ, ಕಡಲನ್ನೇ ನಂಬಿದವರು ದಡದಲ್ಲಿರುವ ಆ ದಿನಗಳಲ್ಲಿಯೇ ಅಲೆ ನೋಡಲು ಪ್ರವಾಸಿಗರು ಬರುವುದು ವಿಪರ್ಯಾಸ.

ಬಾವುಟ, ಫಲಕಗಳಿದ್ದ ಮಾತ್ರಕ್ಕೆ ಜನರ ನಡವಳಿಕೆ ಬದಲಾಗುವುದಿಲ್ಲ. ‘ಅಪಾಯ ಇತರರಿಗೆ, ತನಗಲ್ಲ’ ಎಂಬ ಭಾವನೆಯನ್ನು ಮನೋವಿಜ್ಞಾನಿಗಳು ಅತಿ ಆಶಾವಾದದ ಒಲವು ಎಂದು ಕರೆಯುತ್ತಾರೆ. ಗುಂಪಿನಲ್ಲಿ ಅದು ಹೆಚ್ಚು. ಇತರರು ನೀರಿನಲ್ಲಿರುವುದೇ ಸುರಕ್ಷತೆಯ ಪುರಾವೆಯಾಗಿ ತೋರುತ್ತದೆ. ಮದ್ಯಪಾನವು ನಿರ್ಣಯ ಶಕ್ತಿಯನ್ನು ಮತ್ತಷ್ಟು ಕುಗ್ಗಿಸುತ್ತದೆ.

ರಕ್ಷಣೆ ಮತ್ತು ಪ್ರಥಮ ಚಿಕಿತ್ಸೆ

ಮುಳುಗುವವರು ಸಿನಿಮಾದಲ್ಲಿರುವಂತೆ ಕೂಗಾಡುತ್ತಾರೆಂಬುದು ತಪ್ಪು ಕಲ್ಪನೆ. ಅಮೆರಿಕದ ಜೀವರಕ್ಷಕ ಫ್ರಾನ್ಸೆಸ್ಕೊ ಪಿಯಾ ವಿವರಿಸಿದಂತೆ, ಉಸಿರಿಗಾಗಿ ಹೋರಾಡುವವರಿಗೆ ಕೂಗಲು ಉಸಿರೇ ಇರುವುದಿಲ್ಲ. 20ರಿಂದ 60 ಸೆಕೆಂಡುಗಳಲ್ಲಿ ಸದ್ದಿಲ್ಲದೆ ಮುಳುಗಿಬಿಡುತ್ತಾರೆ. ಆದ್ದರಿಂದ ಮಕ್ಕಳನ್ನು ಕೈಯಳತೆಯ ದೂರದಲ್ಲಿಯೇ ಇರಿಸಿಕೊಳ್ಳಬೇಕು.

ರಕ್ಷಿಸಲು ಹಾರಿದವರೂ ಮುಳುಗುವ ಪ್ರಸಂಗಗಳು ಸಾಮಾನ್ಯ. ಹಗ್ಗ, ಖಾಲಿ ಕ್ಯಾನ್, ತೇಲುವ ಯಾವುದೇ ವಸ್ತುವನ್ನು ಎಸೆದು, ಜೀವರಕ್ಷಕರನ್ನು ಕರೆದು, 112 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೆ ತಿಳಿಸುವುದು ಸರಿಯಾದ ಕ್ರಮ. ಮೇಲೆತ್ತಿದವರ ಹೊಟ್ಟೆ ಒತ್ತಿ ನೀರು ಹೊರಹಾಕುವುದು, ತಲೆಕೆಳಗಾಗಿ ಹಿಡಿಯುವುದು ಇಂದಿಗೂ ರೂಢಿಯಲ್ಲಿವೆ. ಇವುಗಳಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಸೇರುವ ಅಪಾಯವೂ ಇದೆ. ಉಸಿರಾಟ ನಿಂತಿದ್ದರೆ ತಡಮಾಡದೆ ಬಾಯಿಯಿಂದ ಕೃತಕ ಉಸಿರು ನೀಡಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಚೇತರಿಸಿಕೊಂಡಂತೆ ಕಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು, ಏಕೆಂದರೆ ಉಸಿರಾಟದ ತೊಂದರೆಯು ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದು.