ಬೊಲೊನ್ಯಾದ ಬೆಳಕಿನ ಕಲ್ಲು

ಚಿಕ್ಕಂದಿನಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಸಿದ್ದ ನಕ್ಷತ್ರಗಳು ದೀಪ ಆರಿಸಿದ ಮೇಲೂ ಹಸಿರಾಗಿ ಹೊಳೆಯುತ್ತಿದ್ದವು. ನಾವದನ್ನು ರೇಡಿಯಂ ಎನ್ನುತ್ತಿದ್ದೆವು. ಅದರಲ್ಲಿ ರೇಡಿಯಂ ಇರಲೇ ಇಲ್ಲವೆಂದು ತಿಳಿದದ್ದು ಬಹಳ ತಡವಾಗಿ. ಆ ಬೆಳಕಿನ ಬೇರು ಹುಡುಕುತ್ತಾ ಹೋದಾಗ ಸಿಕ್ಕವನು ಇಟಲಿಯ ಬೊಲೊನ್ಯಾ ನಗರದ ವಿಂಚೆನ್ಜೊ ಕಾಶಾರೊಲೊ.

ಚಪ್ಪಲಿ ಹೊಲಿಯುವುದು ಅವನ ಕಸುಬು, ಚಿನ್ನ ಮಾಡುವುದು ಹುಚ್ಚು. 1603ರ ಸುಮಾರಿಗೆ ಪಾದೆರ್ನೊ ಬೆಟ್ಟದಲ್ಲಿ ಸಿಕ್ಕ, ಗಾತ್ರಕ್ಕೆ ಮೀರಿ ಭಾರವಾಗಿದ್ದ ಕಲ್ಲನ್ನು ಇದ್ದಿಲಿನೊಂದಿಗೆ ಸುಟ್ಟ. ಚಿನ್ನವೇನೂ ಬರಲಿಲ್ಲ. ಆದರೆ ಬಿಸಿಲುಂಡ ಆ ಕಲ್ಲು ಕತ್ತಲಲ್ಲಿ ಕೆಂಡದ ಹಾಗೆ ಹೊಳೆಯಿತು, ಬಿಸಿಯಿಲ್ಲದ ಕೆಂಡ! ಚಂದ್ರನೂ ಹೀಗೆಯೇ ಬೆಳಗುತ್ತಾನೆಂದು ಲಿಚೆತಿ ಎಂಬ ವಿದ್ವಾಂಸ 1640ರಲ್ಲಿ ಪುಸ್ತಕವನ್ನೇ ಬರೆದ. ಮುದುಕನಾಗಿ ಕುರುಡನಾಗಿದ್ದ ಗೆಲಿಲಿಯೊ ಒಪ್ಪಲಿಲ್ಲ.

ಆ ಕಲ್ಲು ಬೇರಿಯಂ ಸಲ್ಫೇಟ್. ಇದ್ದಿಲು ಅದರ ಆಮ್ಲಜನಕವನ್ನು ಕಿತ್ತುಕೊಂಡು ಬೇರಿಯಂ ಸಲ್ಫೈಡ್ ಮಾಡಿತ್ತು. ಆದರೂ ಆ ಕೆಂಪು ಎಲ್ಲಿಂದ? 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಲ್ಲಿನಲ್ಲಿ ಕಲಬೆರಕೆಯಾಗಿದ್ದ ತಾಮ್ರದತ್ತ ಬೆರಳು ತೋರಿತು. ಬೆಳಕು ಬಿದ್ದಾಗ ಮೇಲೆದ್ದ ಎಲೆಕ್ಟ್ರಾನುಗಳು ಹರಳಿನ ದೋಷಗಳಲ್ಲಿ ಸಿಕ್ಕಿಬೀಳುತ್ತವೆ. ಕೋಣೆಯ ಸಾಧಾರಣ ಶಾಖವೇ ಅವನ್ನು ಮೆಲ್ಲಮೆಲ್ಲಗೆ ಬಿಡಿಸುತ್ತದೆ. ತಾಮ್ರದ ಬಳಿಗೆ ಮರಳುವಾಗ ಅವು ಕಳೆದುಕೊಳ್ಳುವ ಶಕ್ತಿಯೇ ಬೆಳಕು. ಹಳೆಯ ಹಸಿರು ಸ್ಟಿಕರುಗಳ ಸತುವಿನ ಸಲ್ಫೈಡಿಗೂ ಬೆರೆಸುತ್ತಿದ್ದದ್ದು ಚೂರು ತಾಮ್ರವನ್ನೇ.