ಕ್ಷೌರದಂಗಡಿಯ ಗಾಳಿ

ಕ್ರಿಸ್ತಪೂರ್ವ ಮೂರನೇ ಶತಮಾನದ ಅಲೆಕ್ಸಾಂಡ್ರಿಯ. ಊರು ಈಜಿಪ್ಟಿನದು, ಆಳುತ್ತಿದ್ದವರು ಗ್ರೀಕರು. ಅಲ್ಲಿದ್ದ ಒಬ್ಬ ಕ್ಷೌರಿಕನ ಮಗ ಕ್ಟೆಸಿಬಿಯಸ್. ಅಪ್ಪನ ಅಂಗಡಿಯ ಕನ್ನಡಿಯನ್ನು ಸಲೀಸಾಗಿ ಮೇಲೆ ಕೆಳಗೆ ಸರಿಸುವಂತಾಗಬೇಕೆಂದು ಅವನಿಗೆ ಆಸೆ. ಕನ್ನಡಿಗೆ ಹಗ್ಗ ಕಟ್ಟಿ, ಅದನ್ನು ತೊಲೆಯ ಮರೆಯಲ್ಲಿ ಹಾಯಿಸಿ, ಇನ್ನೊಂದು ತುದಿಗೆ ಸೀಸದ ಗುಂಡು ತೂಗುಬಿಟ್ಟ. ಗುಂಡು ಇಳಿಯಲು ಒಂದು ಕೊಳವೆ. ನಮ್ಮ ಬಾವಿಯ ರಾಟೆಗಿಂತ ಹೆಚ್ಚಿನದೇನೂ ಅಲ್ಲ. ಆದರೆ ಗುಂಡು ಸರ್ರನೆ ಇಳಿದಾಗಲೆಲ್ಲ ಒಳಗಿನ ಗಾಳಿ ಅದುಮಿಕೊಂಡು, ಸದ್ದು ಮಾಡುತ್ತ ಹೊರಗೆ ನುಗ್ಗುತ್ತಿತ್ತು. ಬೇರೆಯವರಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದರು. ಇವನು ಕಿವಿಗೊಟ್ಟ.

ಇದನ್ನು ಬರೆದಿಟ್ಟವನು ಇನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಬಂದ ರೋಮಿನ ವಿಟ್ರುವಿಯಸ್. ಕ್ಟೆಸಿಬಿಯಸ್ ತಾನೇ ಬರೆದ ಪುಸ್ತಕಗಳು ಉಳಿದಿಲ್ಲ. ಜೋಡಿ ಸಿಲಿಂಡರಿನ ಕಂಚಿನ ಪಂಪು ಅವನದೇ. ಪಿಸ್ಟನ್ನುಗಳನ್ನು ನುಣುಪಾಗಿ ಕಡೆದು ಎಣ್ಣೆ ಸವರಬೇಕು, ನೀರು ಹಿಂದಿರುಗದಂತೆ ಕವಾಟ ಇಡಬೇಕು ಎಂಬ ವಿವರ ಕೂಡ ವಿಟ್ರುವಿಯಸನಲ್ಲಿ ಇದೆ.

ಆ ಎಣ್ಣೆಯ ಮಹಿಮೆ ನನಗೆ ತಿಳಿದದ್ದು ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ. ಏಳನೇ ತರಗತಿಯ ಹುಡುಗಿಯರು ಐದು ಸೆಂಟಿಮೀಟರ್ ಅಗಲದ ಪಿವಿಸಿ ಪೈಪಿನ ತುಂಡು, ಎರಡು ಮುಚ್ಚಳ, ಒಂದು ಕಬ್ಬಿಣದ ಸಲಾಕೆ ತಂದರು. ಎಲ್ಲ ಹಾರ್ಡ್‌ವೇರ್ ಅಂಗಡಿಯ ಸಾಮಾನೇ. ವಾಷರು ಮಾತ್ರ ಯಾರದೋ ಅಜ್ಜನ ಹಳೆಯ ಚಪ್ಪಲಿಯ ಚರ್ಮ. ಸೈಕಲ್ ಪಂಪು ಹೊಡೆದರೆ ಸಲಾಕೆ ಮೇಲೆದ್ದು ದಪ್ಪ ನಿಘಂಟೊಂದನ್ನು ಎತ್ತಬೇಕು. ಎತ್ತಲಿಲ್ಲ. ಗಾಳಿ ಚರ್ಮದ ಬದಿಯಿಂದ ಸೋರಿಹೋಗುತ್ತಿತ್ತು. ರಾತ್ರಿಯಿಡೀ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿಟ್ಟ ಮೇಲೆ ಚರ್ಮ ಮೆತ್ತಗಾಗಿ ಪೈಪಿನ ಗೋಡೆಗೆ ಒತ್ತಿಕೊಂಡು ಕೂತಿತು. ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಒತ್ತಡ ಸಿಕ್ಕರೂ ಸಾಕು, ಒಟ್ಟು ಹತ್ತು ಕಿಲೋದಷ್ಟು ಬಲ! (ನಿಮ್ಮ ಮಕ್ಕಳು ಮಾಡಹೊರಟರೆ ಕೈಪಂಪಿನಾಚೆ ಹೋಗಗೊಡಬೇಡಿ. ಗಾಳಿ ಹೆಚ್ಚಾದರೆ ಪಿವಿಸಿ ಸಿಡಿಯುತ್ತದೆ.)

ಅವರಿಗೆ ಕನ್ನಡಿಯ ಕಥೆ ಹೇಳಿದೆ. “ಆ ಸದ್ದಿನಿಂದ ಅವರ ಮನೇಲಿ ಯಾರಿಗೂ ತಲೆನೋವು ಬರ್ಲಿಲ್ವಾ ಮಿಸ್?” ಎಂದಳು ಒಬ್ಬಳು.

ಮನೆಯಲ್ಲಿ ಹೆಂಡತಿ ಇದ್ದಳು. ಅವಳ ಹೆಸರು ಥಾಯಿಸ್. ಕ್ಟೆಸಿಬಿಯಸ್ ಗಾಳಿಯ ಸಿಲಿಂಡರಿಗೆ ಕೊಳಲುಗಳ ಸಾಲನ್ನು ಜೋಡಿಸಿ, ಒತ್ತಡ ಏರಿಳಿಯದಂತೆ ನೀರಿನ ಭಾರವನ್ನು ಹೊಂದಿಸಿ, ಜಲ ಆರ್ಗನ್ ಎಂಬ ವಾದ್ಯವನ್ನು ಕಟ್ಟಿದ. ಇಂದಿನ ಚರ್ಚುಗಳ ಪೈಪ್ ಆರ್ಗನ್ನಿಗೆ ಇದೇ ಮೂಲ. ಅದನ್ನು ನುಡಿಸಲು ಹೆಂಡತಿಗೆ ಕಲಿಸಿದನೆಂದು ಕ್ರಿ.ಶ. 200ರ ಸುಮಾರಿನ ಅಥೆನೇಯಸ್ ಹಳಬರ ಮಾತಾಗಿ ದಾಖಲಿಸಿದ್ದಾನೆ. ಅವಳ ಪಾಲಿಗೆ ಸಿಕ್ಕಿದ್ದು ಅಷ್ಟೇ. ಪಂಪಿನ ಕವಾಟಕ್ಕೆ ಪುಟ ಪುಟ ವರ್ಣನೆ, ಮೊದಲು ನುಡಿಸಿದ ಕೈಗೆ ಒಂದು ಸಾಲು. ನನಗೆ ಸಿಟ್ಟು ಬರುವುದು ಇಲ್ಲೇ.

ಇನ್ನೊಬ್ಬಳಿಗೆ ಅದೃಷ್ಟ ತುಸು ಹೆಚ್ಚು. ಈಗಿನ ಬುಡಾಪೆಸ್ಟಿನಲ್ಲಿರುವ ಅಕ್ವಿಂಕಮ್ ರೋಮನ್ನರ ಪಾಳೆಯದ ಊರು. ಅಲ್ಲಿ ಕ್ರಿ.ಶ. 228ರ ಒಂದು ಆರ್ಗನ್ನಿನ ಭಾಗಗಳು 1931ರಲ್ಲಿ ಸಿಕ್ಕವು. ಅದೇ ಊರಿನಲ್ಲಿ ಏಲಿಯಾ ಸಬೀನಾ ಎಂಬುವಳ ಸಮಾಧಿಕಲ್ಲೂ ಇದೆ. ಅದನ್ನು ನಿಲ್ಲಿಸಿದ ಗಂಡ ಸೇನೆಯಲ್ಲಿ ಸಂಬಳಕ್ಕಿದ್ದ ಆರ್ಗನ್ ವಾದಕ. ಅವಳು ಹಾಡುತ್ತಿದ್ದಳು, ತಂತಿ ಮೀಟುತ್ತಿದ್ದಳು, ಜನರೆದುರು ಜಲ ಆರ್ಗನ್ ನುಡಿಸುತ್ತಿದ್ದಳು, ಕಲೆಯಲ್ಲಿ ತನ್ನನ್ನೂ ಮೀರಿಸಿದ್ದಳು ಎಂದು ಅವನೇ ಕೆತ್ತಿಸಿದ್ದಾನೆ. ವಯಸ್ಸನ್ನೂ ಹಾಕಿಸಿದ್ದಾನೆ: ಮೂವತ್ತಕ್ಕೆ ಐದು ಕಡಿಮೆ.